ಗಂಟೆ ಬೆಟ್ಟಕ್ಕೆ ಅಪ್ಪನ ಏಳು ಕಿಲೋ

ಥಾಯ್ಲೆಂಡಿಗೆ ಹೋಗ್ತೀನಿ ಅಂದ್ರೆ ಜನ ಒಂಥರಾ ನಗ್ತಾರೆ. ಅರವತ್ತೊಂದು ವರ್ಷದ ಅಪ್ಪನೂ ಬರ್ತಾನೆ ಅಂದಾಗಂತೂ ಬ್ಯಾಡಗಿಯ ನಮ್ಮ ಓಣಿಯವರು ಎರಡು ದಿನ ನಕ್ಕರಂತೆ. ನಾನು ಆಗ ಆಫೀಸ್ ಕೆಲಸದ ಮೇಲೆ ನಾಲ್ಕು ತಿಂಗಳಿಗೆ ಬ್ಯಾಂಕಾಕ್‌ನಲ್ಲಿದ್ದೆ. ಅವ್ವ ತೀರಿಕೊಂಡ ಮೇಲೆ ಅಪ್ಪ ಮನೆಯಲ್ಲಿ ಒಬ್ಬನೇ. ಫೋನ್ ಮಾಡಿದರೆ 'ಊಟ ಆತು, ಇಡ್ಲೇನು?' ಅಂತ ಎರಡೇ ಮಾತು. ಜನವರಿಯಲ್ಲಿ ಟಿಕೆಟ್ ಮಾಡಿ ಕರೆಸಿಕೊಂಡೆ.

ಮೊದಲ ವಾರ ಮಾಲ್ ತೋರಿಸಿದೆ, ದೇವಸ್ಥಾನ ತೋರಿಸಿದೆ, ದೋಣಿ ಹತ್ತಿಸಿದೆ. ಅಪ್ಪ ಎಲ್ಲದಕ್ಕೂ ತಲೆ ಆಡಿಸಿದ. ಸಂಜೆ ನನ್ನ ಹನ್ನೊಂದನೇ ಮಹಡಿಯ ಬಾಲ್ಕನಿಯಲ್ಲಿ ಕೂತು ಕೆಳಗೆ ನೋಡ್ತಾ ಒಂದಿನ ಕೇಳಿದ, "ಇಲ್ಲಿ ನೆಲ ಎಲ್ಲೈತೆವ್ವಾ?"

ಈ ಪ್ರಶ್ನೆಯನ್ನು ಆಫೀಸ್‌ನಲ್ಲಿ ಹೇಳಿದಾಗ ನನ್ನ ಪಕ್ಕದ ಸೀಟಿನವಳು, "ಹಾಗಾದ್ರೆ ಲೋಯಿಗೆ ಕರ್ಕೊಂಡು ಹೋಗು" ಅಂದಳು. ಥಾಯ್ ಜನರಿಗೆ ದಾಖಲೆಯ ಹೆಸರು ಒಂದಾದರೆ ಕರೆಯುವ ಹೆಸರು ಇನ್ನೊಂದು. ಇವಳ ಕರೆಯುವ ಹೆಸರಿನ ಅರ್ಥ 'ಇಲಿ'. ನಾನೂ ಇಲ್ಲಿ ಇಲಿ ಅಂತಲೇ ಬರೀತೀನಿ, ಅವಳಿಗೇನೂ ಬೇಜಾರಿಲ್ಲ. ಅವಳದು ಖೋನ್ ಕೇನ್, ಲೋಯಿಗೆ ಪಕ್ಕದ ಪ್ರಾಂತ್ಯ. ನಾಲ್ಕು ದಿನ ರಜೆ ಹಾಕಿ ತಾನೂ ಹೊರಟಳು.

ಇವಳಿಗೆ ನಾನು ಒಂದು ಸುಳ್ಳು ಹೇಳಿದ್ದೆ. ನಮ್ಮಪ್ಪ 'ಸ್ಪೈಸ್ ಬಿಸಿನೆಸ್'ನಲ್ಲಿದ್ದರು ಅಂತ. ಅವಳಿಗೊಬ್ಬಳಿಗೇ ಅಲ್ಲ, ಇಂಜಿನಿಯರಿಂಗ್ ಕಾಲೇಜಿನಿಂದ ಹಿಡಿದು ಬೆಂಗಳೂರಿನ ಆಫೀಸಿನವರೆಗೆ ಎಲ್ಲರಿಗೂ ಅದನ್ನೇ ಹೇಳ್ತಾ ಬಂದಿದ್ದೆ. ಅಪ್ಪ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೂವತ್ತೆಂಟು ವರ್ಷ ಹಮಾಲಿ ಮಾಡಿದವನು. ಮೆಣಸಿನಕಾಯಿ ಚೀಲ ಇಳಿಸೋದು, ತೂಕಕ್ಕೆ ಇಡೋದು, ಲಾರಿಗೆ ಏರಿಸೋದು. ಅವನ ಅಂಗಿಯನ್ನು ಅವ್ವ ಬೇರೆ ಬುಟ್ಟಿಯಲ್ಲಿ ಒಗೀತಿದ್ದಳು, ನಮ್ಮ ಬಟ್ಟೆಗೆ ಘಾಟು ಹತ್ತಬಾರದು ಅಂತ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಕೆಲಸದಿಂದ ನೇರ ಸ್ಕೂಲಿಗೆ ಬಂದು ಬಾಗಿಲಲ್ಲಿ ನಿಂತಿದ್ದ. ಮುಂದಿನ ಎರಡು ಬೆಂಚಿನವರು ಸೀನೋಕೆ ಶುರು ಮಾಡಿದರು. ಇಡೀ ಕ್ಲಾಸು ನಕ್ಕಿತು, ಅಪ್ಪನೂ ನಕ್ಕ. ನಾನು ಮಾತ್ರ ತಲೆ ತಗ್ಗಿಸಿ ಪುಸ್ತಕ ನೋಡ್ತಾ ಕೂತೆ.

ಇರಲಿ, ಲೋಯಿಗೆ ಬರ್ತೀನಿ. ಬರೆಯೋದು ಲೋಯಿ, ಅವರ ಬಾಯಲ್ಲಿ ಕೇಳಿಸೋದು 'ಲೇಯ್' ಅಂತ. ಬಸ್ ನಿಲ್ದಾಣದಲ್ಲಿ ಕಂಡಕ್ಟರ್ 'ಲೇಯ್, ಲೇಯ್' ಅಂತ ಕೂಗ್ತಿದ್ದರೆ ಅಪ್ಪ ತಿರುಗಿ ನೋಡಿ, "ಯಾರಿಗೆ ಲೇ ಅಂತಾನಿಂವ?" ಅಂದ. ಇದು ಥಾಯ್ಲೆಂಡಿನ ಈಶಾನ್ಯ ಭಾಗವಾದ ಇಸಾನ್‌ನ ತುದಿಯಲ್ಲಿದೆ, ಬ್ಯಾಂಕಾಕ್‌ನಿಂದ 500 ಕಿಲೋಮೀಟರಿಗೂ ಜಾಸ್ತಿ. ಮೇಲ್ಗಡೆ ಮೆಕಾಂಗ್ ನದಿ, ನದಿಯಾಚೆ ಲಾವೋಸ್. ಸಮುದ್ರ ಇಲ್ಲ, ಬೀಚ್ ಇಲ್ಲ, ಹಾಗಾಗಿ ನಮ್ಮವರ ಪ್ಯಾಕೇಜ್ ಟೂರುಗಳಲ್ಲಿ ಇದರ ಹೆಸರೂ ಇಲ್ಲ. ಥಾಯ್ ಜನ ಮಾತ್ರ ಚಳಿಗಾಲದಲ್ಲಿ ಚಳಿ ಕಾಯಿಸಿಕೊಳ್ಳೋಕೆ ಅಂತಲೇ ಇಲ್ಲಿಗೆ ಬರ್ತಾರೆ. ಗುಡ್ಡದ ಮೇಲೆ ಹುಲ್ಲಿನ ತುದಿಗೆ ಇಬ್ಬನಿ ಹೆಪ್ಪುಗಟ್ಟಿದರೆ ಅದೊಂದು ಸುದ್ದಿ, ಫೋಟೋ ಸಮೇತ.

ಮೊದಲು ಹೋಗಿದ್ದು ಚಿಯಾಂಗ್ ಖಾನ್ ಅನ್ನೋ ನದಿ ದಂಡೆಯ ಪುಟ್ಟ ಊರಿಗೆ. ಸಾಲಾಗಿ ಹಳೇ ಮರದ ಮನೆಗಳು. ಬೆಳಿಗ್ಗೆ ಭಿಕ್ಷುಗಳು ಬೀದಿಯಲ್ಲಿ ಬಂದಾಗ ಜನ ಮಂಡಿಯೂರಿ ಕೂತು ಅವರ ಪಾತ್ರೆಗೆ ಅಂಟು ಅನ್ನ ಹಾಕ್ತಾರೆ. ಸಂಜೆಯ ಬೀದಿ ಸಂತೆ ಸ್ವಲ್ಪ ಜಾಸ್ತಿನೇ ಇನ್‌ಸ್ಟಾಗ್ರಾಂ ಥರ ಇದೆ, ನನಗೆ ಅಷ್ಟು ಹಿಡಿಸಲಿಲ್ಲ. ನದಿ ಹಿಡಿಸಿತು. ಥಾಯ್ ಭಾಷೆಯಲ್ಲಿ ನದಿಗೆ 'ಮೇ ನಾಮ್' ಅಂತಾರೆ, ಬಿಡಿಸಿದರೆ 'ತಾಯಿ ನೀರು'. ಕೇಂಗ್ ಖುಟ್ ಖು ಅನ್ನೋ ಕಡೆ ನದಿಯ ಅರ್ಧಕ್ಕೆ ಬಂಡೆಗಳು ಅಡ್ಡ ಬಂದು ನೀರು ಒಂದು ಮಗ್ಗುಲಿಗೆ ಸರಿದು ಸದ್ದು ಮಾಡ್ತಾ ಹರಿಯುತ್ತೆ. ಮೆಕಾಂಗ್ ಅಂದ್ರೆ ಕಂದು ನೀರಿನ ನದಿ. ಆದರೆ 2019ರ ಕೊನೆಯಲ್ಲಿ ಈ ಭಾಗದಲ್ಲಿ ನೀರು ನೀಲಿಯಾಗಿಬಿಟ್ಟಿತ್ತು. ಪ್ರವಾಸಿಗರು ಖುಷಿಯಿಂದ ಫೋಟೋ ತೆಗೆದರು, ಮೀನುಗಾರರಿಗೆ ಚಿಂತೆ ಶುರುವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮೇಲ್ಭಾಗದ ಲಾವೋಸ್‌ನಲ್ಲಿ ಸಯಾಬುರಿ ಅಣೆಕಟ್ಟು ವಿದ್ಯುತ್ ಉತ್ಪಾದನೆ ಆರಂಭಿಸಿತ್ತು. ಹೂಳು ಕೆಳಗೆ ಬರದಿದ್ದರೆ ನೀರು ತಿಳಿಯಾಗುತ್ತೆ, ಮೀನಿಗೆ ಮೇವೂ ಇರೋದಿಲ್ಲ. ಇದನ್ನು ಅಪ್ಪನಿಗೆ ಹೇಳಿದೆ. "ಮಣ್ಣ ಬರ್ಲಿಲ್ಲಂದ್ರ ಹೊಳಿ ಅದ ಏನು?" ಅಂದ.

ಅಲ್ಲಿಯ ಬೆಳಗಿನ ಸಂತೆಯಲ್ಲಿ ಅಪ್ಪ ಒಣಮೆಣಸಿನಕಾಯಿ ರಾಶಿ ಮುಂದೆ ಕುಕ್ಕರಗಾಲಲ್ಲಿ ಕೂತ. ಒಂದನ್ನು ಮುರಿದ, ಬೀಜ ಅಲ್ಲಾಡಿಸಿದ, ಸಿಪ್ಪೆಯನ್ನು ಅಂಗೈಯಲ್ಲಿ ಉಜ್ಜಿ ಬಣ್ಣ ನೋಡಿದ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಅದರ ಬಣ್ಣ ಲಿಪ್‌ಸ್ಟಿಕ್‌ಗೂ ಹೋಗುತ್ತೆ ಅನ್ನೋದು ನಿಮಗೆ ಗೊತ್ತಿರಬಹುದು. ಇಲ್ಲಿಯದು ಉಲ್ಟಾ, ಸಣ್ಣ ಕಾಯಿ, ಉರಿಯೋ ಖಾರ. ಅಂಗಡಿಯಾಕೆ ಏನೂ ಹೇಳದೆ ಇನ್ನೊಂದು ಚೀಲದ ಬಾಯಿ ಬಿಚ್ಚಿ ಅವನ ಮುಂದಿಟ್ಟಳು. "ನಿಮ್ಮಪ್ಪ ನಿಜವಾಗ್ಲೂ ವ್ಯಾಪಾರಿ" ಅಂದಳು ಇಲಿ. ನಾನು ಹೂಂ ಅಂದೆ.

ಮಾರನೇ ದಿನ ಫು ಕ್ರದುಂಗ್. 'ಫು' ಅಂದ್ರೆ ಬೆಟ್ಟ, 'ಕ್ರದುಂಗ್' ಅಂದ್ರೆ ಗಂಟೆ. ಹಬ್ಬದ ದಿನ ಬೆಟ್ಟದೊಳಗಿಂದ ಗಂಟೆ ಸದ್ದು ಕೇಳುತ್ತೆ ಅನ್ನೋ ಕತೆಯಿದೆ. ದೂರದಿಂದ ನೋಡಿದರೆ ಬೆಟ್ಟದ ತಲೆಯನ್ನು ಚಾಕುವಿನಿಂದ ಕೊಯ್ದು ತೆಗೆದ ಹಾಗೆ ಕಾಣುತ್ತೆ. ಮೇಲೆ ಸುಮಾರು 60 ಚದರ ಕಿಲೋಮೀಟರ್ ಸಮತಟ್ಟು ಬಯಲು. ಅತಿ ಎತ್ತರದ ಜಾಗ 1,316 ಮೀಟರ್. 1962ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನ ಮಾಡಿದರು, ಆ ದೇಶದಲ್ಲಿ ಇದು ಎರಡನೆಯದು. ಮೇಲಕ್ಕೆ ರಸ್ತೆ ಇಲ್ಲ. ಐದೂವರೆ ಕಿಲೋಮೀಟರ್ ಏರು, ಆಮೇಲೆ ಮೂರೂವರೆ ಕಿಲೋಮೀಟರ್ ಬಯಲಲ್ಲಿ ನಡೆದರೆ ಟೆಂಟ್ ಹಾಕೋ ಜಾಗ.

ಹೋಗೋ ಮನಸ್ಸಿದ್ದರೆ ಇಷ್ಟು ತಿಳ್ಕೊಳ್ಳಿ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಟ್ಟ ಮುಚ್ಚಿರುತ್ತೆ. ಮಧ್ಯಾಹ್ನ ಎರಡರ ಮೇಲೆ ಹತ್ತೋಕೆ ಬಿಡೋದಿಲ್ಲ, ಯಾಕಂದ್ರೆ ಕತ್ತಲಾದರೆ ಆನೆ. ಟೆಂಟು, ಕಂಬಳಿ ಮೇಲೇ ಬಾಡಿಗೆಗೆ ಸಿಗುತ್ತೆ, ಹೊತ್ಕೊಂಡು ಹೋಗಬೇಡಿ. ಡಿಸೆಂಬರ್ ಕೊನೆಯ ರಜೆಯಲ್ಲಂತೂ ಹೋಗಲೇಬೇಡಿ, ಜಾತ್ರೆ ಆಗಿರುತ್ತೆ.

ಬೆಟ್ಟದ ಬುಡದಲ್ಲಿ ಒಂದು ತಕ್ಕಡಿ ಇದೆ. ನಿಮ್ಮ ಬ್ಯಾಗನ್ನು ತೂಗಿ, ಚೀಟಿ ಕಟ್ಟಿ, ಹಮಾಲರಿಗೆ ಒಪ್ಪಿಸ್ತಾರೆ. ಅವರಿಗೆ 'ಲುಕ್ ಹಾಪ್' ಅಂತಾರೆ. ನಾವು ಹೋದಾಗ ಕಿಲೋಗೆ 30 ಬಾತ್. ಹೆಗಲ ಮೇಲೆ ಒಂದು ಗಳ, ಎರಡೂ ತುದಿಗೆ ಹಗ್ಗದಲ್ಲಿ ಕಟ್ಟಿದ ಬ್ಯಾಗುಗಳು, ಅಕ್ಕಿ ಚೀಲ, ಗ್ಯಾಸ್ ಸಿಲಿಂಡರ್, ನೀರಿನ ಬಾಟಲಿ. ಮೇಲೆ ಮಾರೋ ಪ್ರತಿ ಮೊಟ್ಟೆಯೂ ಯಾರದೋ ಹೆಗಲ ಮೇಲೇ ಹೋಗಬೇಕು. ಗಂಡಸರ ಜೊತೆ ಹೆಂಗಸರೂ ಸಮಸಮ ಇದ್ದರು.

ನನ್ನ ಬ್ಯಾಗು ಹನ್ನೊಂದು ಕಿಲೋ, ಇಲಿಯದು ಒಂಬತ್ತು. ಅಪ್ಪ ತನ್ನ ಬ್ಯಾಗನ್ನು ತಕ್ಕಡಿಗೆ ಇಟ್ಟ, ಏಳು ಕಿಲೋ ಅಂತ ನೋಡಿದ, ವಾಪಸ್ ತಗೊಂಡು ಬೆನ್ನಿಗೆ ಹಾಕಿಕೊಂಡ.

"ಕೊಡಪ್ಪಾ, ಮೊಣಕಾಲು ನೋವು ಅಂತೀಯಲ್ಲ."

"ಏಳು ಕೆಜಿ ಇನ್ನೊಬ್ರ ಹೆಗಲಿಗೆ ಹಾಕ್ಲೇನು? ಬ್ಯಾಡ ಬಿಡು."

ಶುರುವಿನಲ್ಲೇ ಸಾಮ್ ಹೇಕ್ ಅನ್ನೋ ಏರು. 'ಸಾಮ್' ಅಂದ್ರೆ ನೀರು ಜಿನುಗೋ ಜಾಗ. ಒಂದೊಂದು ಸಾಮ್‌ನಲ್ಲೂ ಅಂಗಡಿಗಳಿವೆ, ಹಣ್ಣು, ಎಳನೀರು, ಪರಂಗಿಕಾಯಿ ಸಲಾಡ್ ಮಾರ್ತಾರೆ. ನನ್ನ ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ಫಿಟ್‌ನೆಸ್ಸು ಮೊದಲ ಅರ್ಧ ಗಂಟೆಗೇ ಮುಗೀತು. ಅಪ್ಪ ಮುಂದೆ ಹೋಗ್ತಿದ್ದ, ಸಣ್ಣ ಹೆಜ್ಜೆ, ನಿಲ್ಲದ ಹೆಜ್ಜೆ. ಹಿಂದಿನಿಂದ ಹಮಾಲರ ಗಳದ 'ಕಿರ್ರ್ ಕಿರ್ರ್' ಸದ್ದು ಬಂದರೆ ತಾನು ಬದಿಗೆ ಸರಿದು, ನನ್ನನ್ನೂ ತೋಳು ಹಿಡಿದು ಎಳೆದು ನಿಲ್ಲಿಸ್ತಿದ್ದ. "ಹೊತ್ತವ್ರಿಗೆ ದಾರಿ ಬಿಡಬೇಕು. ಅವ್ರು ನಿಂತ್ರ ಮತ್ತ ಎತ್ತಾಕ ಆಗೂದಿಲ್ಲ." ಬೇರೆ ಪ್ರವಾಸಿಗರು ದಾರಿ ನಡುವೆ ಸೆಲ್ಫಿ ತೆಗೀತಿದ್ದರು. ಒಂದೆರಡು ಕಡೆ ಅಪ್ಪ ಅವರನ್ನೂ ಕನ್ನಡದಲ್ಲೇ ಗದರಿಸಿದ. ಅವರೂ ಸರಿದರು.

ಅವನು ಹಮಾಲರನ್ನು ನೋಡೋ ರೀತಿಯೇ ಬೇರೆ ಇತ್ತು. "ನೋಡಲ್ಲಿ, ಗಳ ಕುಣೀತೈತಲ್ಲ, ಅದರ ತಾಳಕ್ಕ ಹೆಜ್ಜಿ ಹಾಕ್ತಾರ. ಗಳ ಮ್ಯಾಲೆ ಎದ್ದಾಗ ಕಾಲ ಎತ್ತಬೇಕು, ಭಾರ ಹಗುರ ಆಕ್ಕೈತಿ." ಒಬ್ಬ ಹೆಂಗಸು ನಡೀತಾ ನಡೀತಾ ಗಳವನ್ನು ಕುತ್ತಿಗೆ ಹಿಂದಿನಿಂದ ಸರಕ್ಕನೆ ಇನ್ನೊಂದು ಹೆಗಲಿಗೆ ದಾಟಿಸಿದಳು, ಹೆಜ್ಜೆ ತಪ್ಪಲಿಲ್ಲ. ಅಪ್ಪನ ಬಾಯಿಂದ "ವ್ಹಾ!" ಬಂತು. ಬ್ಯಾಂಕಾಕ್‌ನ ಯಾವ ಮಾಲಿಗೂ ಬಂದಿರಲಿಲ್ಲ ಆ ವ್ಹಾ.

ಸಾಮ್ ಕೊಕ್ ದೋನ್ ಹತ್ತಿರ ಅಪ್ಪ ಒಂದು ಬಂಡೆಗೆ ಕೈಕೊಟ್ಟು ನಿಂತುಬಿಟ್ಟ. ಎಡ ಮೊಣಕಾಲು ಬಗ್ಗುತ್ತಿರಲಿಲ್ಲ. ಮುಖ ಬಿಳಿಚಿತ್ತು. ನನಗೆ ಹೊಟ್ಟೆಯಲ್ಲಿ ತಣ್ಣಗಾಯಿತು. ಮುಂದಿನದು ಸಾಮ್ ಖ್ರೇ, ಅಲ್ಲಿಂದ ಮೇಲಕ್ಕೆ ಕಬ್ಬಿಣದ ಏಣಿಗಳು, ಕಡಿದಾದ ಬಂಡೆ. ಕೆಳಗಿಳಿಯೋದೂ ಅಷ್ಟೇ ಕಷ್ಟ. ಮುಲಾಮು ಹಚ್ಚಿ, ಅಂಗಡಿಯ ಬೆಂಚಿನ ಮೇಲೆ ಕೂರಿಸಿದೆವು. ಅಲ್ಲೇ ಆ ಹೆಗಲು ಬದಲಿಸಿದ ಹೆಂಗಸೂ ತನ್ನ ಗಳ ಇಳಿಸಿ ಕೂತಿದ್ದಳು. ಐವತ್ತರ ಹತ್ತಿರದ ವಯಸ್ಸು, ತಲೆಗೆ ಹೂವಿನ ಬಟ್ಟೆ, ಕಾಲಿಗೆ ಸಾದಾ ರಬ್ಬರ್ ಚಪ್ಪಲಿ.

ಇಲಿ ಅವಳ ಜೊತೆ ಇಸಾನ್ ಭಾಷೆಯಲ್ಲಿ ಮಾತಿಗಿಳಿದಳು. ಮಳೆಗಾಲದಲ್ಲಿ ಹೊಲದ ಕೆಲಸ, ಬೆಟ್ಟ ತೆರೆದಾಗ ಈ ಕೆಲಸ. ಇವತ್ತಿನ ಹೊರೆ ಐವತ್ತು ಕಿಲೋ. ಮಗನೂ ಹೊರ್ತಾನೆ, ಅವನು ಮುಂದೆ ಹೋದ. ಅದನ್ನು ಹೇಳುವಾಗ ಅವಳ ದನಿ, ನಮ್ಮ ಕಡೆ 'ಮಗ ಬ್ಯಾಂಕಿನ್ಯಾಗ ಅದಾನ' ಅಂತ ಹೇಳ್ತಾರಲ್ಲ, ಹಾಗಿತ್ತು. ಈ ಬೆಟ್ಟಕ್ಕೆ ಕೇಬಲ್ ಕಾರ್ ಹಾಕಬೇಕು ಅಂತ ದಶಕಗಳಿಂದ ಚರ್ಚೆ ನಡೀತಿದೆ. ವಯಸ್ಸಾದವರೂ ಮೇಲೆ ನೋಡಲಿ ಅಂತ ಒಂದು ಕಡೆಯವರು, ಕಾಡು ಹಾಳಾಗುತ್ತೆ ಅಂತ ಇನ್ನೊಂದು ಕಡೆಯವರು. ಇಲಿ ಅದರ ಬಗ್ಗೆ ಕೇಳಿದಾಗ ಆಕೆ ಅಪ್ಪನ ಮೊಣಕಾಲು ತೋರಿಸಿ ಏನೋ ಅಂದು ನಕ್ಕಳು. ಇವರಂಥವರಿಗೆ ಒಳ್ಳೇದೇ, ನಮಗೇನು ಕೆಲಸ ಉಳಿಯುತ್ತೋ ನೋಡಬೇಕು, ಅಂದಳಂತೆ.

ಅಪ್ಪನಿಗೆ ನಾನು ಕನ್ನಡದಲ್ಲಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಹಮಾಲಿ ಮಾಡಿದಾಂವ, ಮೂವತ್ತೆಂಟು ವರ್ಷ ಅಂತ ಆಕಿಗೆ ಹೇಳು" ಅಂದ.

ನಾನು ಬಾಯಿ ತೆರೆದು ಮುಚ್ಚಿದೆ. ಇಲಿ, "ಏನಂದ್ರು ಅಪ್ಪ?" ಅಂತ ನನ್ನ ಮುಖ ನೋಡ್ತಿದ್ದಳು. ಬೇರೆ ಏನಾದರೂ ಹೇಳಬಹುದಿತ್ತು, ಅಪ್ಪನಿಗೆ ಇಂಗ್ಲಿಷ್ ಬರೋಲ್ಲ. ನಿಜ ಹೇಳ್ತೀನಿ, ಆ ಯೋಚನೆ ನನಗೆ ಬಂತು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ: ಅಪ್ಪನೂ ಮಾರ್ಕೆಟ್ಟಿನಲ್ಲಿ ಮೂಟೆ ಹೊರ್ತಿದ್ದರು.

"ಸ್ಪೈಸ್ ಬಿಸಿನೆಸ್ ಅಂದಿದ್ದೆ?"

"ಸುಳ್ಳು ಹೇಳಿದ್ದೆ."

ಇಲಿ ಒಂದು ಕ್ಷಣ ನನ್ನನ್ನೇ ನೋಡಿದಳು. ಏನೂ ಕೇಳಲಿಲ್ಲ. ತಿರುಗಿ ಆ ಹೆಂಗಸಿಗೆ ಹೇಳಿದಳು. ಆಕೆ ಎದ್ದು ಬಂದು ತನ್ನ ಅಂಗಿಯ ಕತ್ತು ಸರಿಸಿ ಹೆಗಲು ತೋರಿಸಿದಳು. ಅಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಕಟ್ಟಿದ ಮಾಂಸ. ಅಪ್ಪ ನಕ್ಕು, ತನ್ನ ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಬಗ್ಗಿ, ಕತ್ತಿನ ಹಿಂದೆ ದಪ್ಪಗಾದ ಚರ್ಮ ತೋರಿಸಿದ. ಆಕೆ ಅದನ್ನು ಎರಡು ಬೆರಳಲ್ಲಿ ಒತ್ತಿ ನೋಡಿ ಇಲಿಗೆ ಏನೋ ಹೇಳಿದಳು. ಇವರದು ತಲೆ ಮೇಲೆ ಹೊತ್ತ ಹೆಗಲು, ಗಳದ್ದಲ್ಲ, ಅಂತ. ಅಪ್ಪನ ಕತ್ತಿನ ಹಿಂದೆ ಹಾಗೊಂದು ಗುರುತಿದೆ ಅಂತ ಮೂವತ್ತು ವರ್ಷದ ನನಗೆ ಅವತ್ತೇ ಗೊತ್ತಾಗಿದ್ದು.

ಹೊರಡುವಾಗ ಆಕೆ ಅಪ್ಪನ ಬ್ಯಾಗನ್ನು ಎತ್ತಿ ತನ್ನ ಗಳದ ಒಂದು ತುದಿಗೆ ಸಿಕ್ಕಿಸಿದಳು. ಅಪ್ಪ ಕನ್ನಡದಲ್ಲಿ ಬೇಡ ಅಂದ, ಆಕೆ ಇಸಾನ್‌ನಲ್ಲಿ ಬೈದಳು. ಎರಡು ನಿಮಿಷ ಜಗಳ ನಡೀತು, ಇಬ್ಬರಿಗೂ ಎಲ್ಲಾ ಅರ್ಥ ಆದ ಹಾಗಿತ್ತು. ಕೊನೆಗೆ ಅಪ್ಪ ಬಿಟ್ಟುಕೊಟ್ಟ. ಆದರೆ ಆಕೆಯ ಹಿಂದೆಯೇ ಏಣಿ ಹತ್ತಿದ, ಒಂದು ಕೈ ಕಂಬಿ ಮೇಲೆ, ಕಣ್ಣು ಆಕೆಯ ಹಿಮ್ಮಡಿ ಮೇಲೆ. ಆಕೆ ನಿಂತಲ್ಲಿ ನಿಂತ.

ಮೇಲೆ ಲಾಂಗ್ ಪೇ ಅನ್ನೋ ಅಂಚಿಗೆ ತಲುಪಿದ ಕೂಡಲೇ ಬೋರ್ಡಿದೆ, ಬದುಕಿನಲ್ಲೊಮ್ಮೆ ಫು ಕ್ರದುಂಗ್ ಗೆದ್ದವರು ನಾವು ಅನ್ನೋ ಅರ್ಥದ್ದು. ಅಲ್ಲಿ ಫೋಟೋಗೆ ಕ್ಯೂ. ಅಪ್ಪ ಕ್ಯೂ ನೋಡಲಿಲ್ಲ, ಬಯಲು ನೋಡಿದ. ಅಷ್ಟು ಕಡಿದು ಹತ್ತಿದ ಮೇಲೆ ಎದುರಿಗೆ ಬೆಟ್ಟದ ತುದಿ ಇರಬೇಕು ಅಂತ ಮನಸ್ಸು ಕಾಯ್ತಿರುತ್ತೆ. ಅಲ್ಲಿರೋದು ಮಾತ್ರ ಹೊಲದಂಥ ಚಪ್ಪಟೆ ನೆಲ, ಮೊಣಕಾಲೆತ್ತರದ ಒಣ ಹುಲ್ಲು, ಅಲ್ಲಲ್ಲಿ ಒಂಟಿ ಪೈನ್ ಮರ, ಬಿಳಿ ಮರಳಿನ ಕಾಲುದಾರಿ. "ಹಾಂ, ಇಲ್ಲೈತಿ ನೆಲ" ಅಂದ ಅಪ್ಪ.

ಕ್ಯಾಂಪ್ ಹತ್ತಿರ ಬ್ಯಾಗು ವಾಪಸ್ ಕೊಡೋ ಕಟ್ಟೆಯಲ್ಲಿ ಇನ್ನೊಂದು ರಗಳೆ. ಆಕೆ ಅಪ್ಪನ ಬ್ಯಾಗಿಗೆ ದುಡ್ಡು ಬೇಡ ಅಂದಳು. ಅಪ್ಪ ಇನ್ನೂರ ಹತ್ತು ಬಾತ್ ಎಣಿಸಿ ಹಿಡಿದು ನಿಂತ. ದಾರಿ ನಡುವಿನಿಂದ ಹೊತ್ತಿದ್ದು, ಪೂರ್ತಿ ಅಲ್ಲ ಅಂತ ಇಲಿ ಕೂಡ ಹೇಳಿದಳು. ಅಪ್ಪ ಕೇಳಲಿಲ್ಲ. "ಪ್ರೀತೀಲೆ ಹೊತ್ತೆ ಅಂತ ಕೂಲಿ ಬಿಟ್ರ, ನಾಳಿ ಎಲ್ಲಾರೂ ಪ್ರೀತಿ ಮಾಡಾಕ ಬರ್ತಾರ. ನಮ್ಮ ಪೇಟ್ಯಾಗ ಹಂಗ ಭಾಳ ಮಂದಿ ಪ್ರೀತಿ ಮಾಡ್ಯಾರ ನನ್ನ." ಇದನ್ನು ನಾನು ಶಬ್ದ ಬಿಡದೆ ಇಂಗ್ಲಿಷ್ ಮಾಡಿದೆ, ಇಲಿ ಇಸಾನ್ ಮಾಡಿದಳು. ಆಕೆ ದುಡ್ಡು ತಗೊಂಡು, ಕೈ ಮುಗಿದು, ಖಾಲಿ ಗಳ ಹೆಗಲಿಗಿಟ್ಟು ಹೋದಳು.

ರಾತ್ರಿ ಚಳಿ ಚೆನ್ನಾಗಿ ಹಿಡೀತು. ಅಪ್ಪನಿಗೆ ಮಂಕಿ ಕ್ಯಾಪು, ಎರಡು ಬಾಡಿಗೆ ಕಂಬಳಿ. ಅಂಟು ಅನ್ನ, ಬೇಯಿಸಿದ ಮೊಟ್ಟೆ, ಚಿಯಾಂಗ್ ಖಾನ್‌ನಲ್ಲಿ ಕೊಂಡಿದ್ದ ಮೆಣಸಿನಪುಡಿ. ನೀರಿನ ಬಾಟಲಿಗೆ ಕೆಳಗಿಗಿಂತ ಜಾಸ್ತಿ ರೇಟ್ ಇದ್ದಿದ್ದಕ್ಕೆ ಪಕ್ಕದ ಟೆಂಟಿನ ಹುಡುಗರು ಗೊಣಗ್ತಿದ್ದರು. ಅಪ್ಪ ಲೆಕ್ಕ ಹಾಕಿ ಸರಿಯಾಗಿಯೇ ಇದೆ ಅಂದ.

ದೀಪ ಆರಿಸಿದ ಮೇಲೆ ಕತ್ತಲಲ್ಲಿ ಅವನ ದನಿ ಬಂತು. "ನಿನ್ನ ಗೆಳತಿ ಬಿಸಿನೆಸ್ ಬಿಸಿನೆಸ್ ಅಂತಿದ್ಲಲ್ಲ. ನಾನು ಬಿಸಿನೆಸ್ ಮಾಡ್ತೀನಂತ ಹೇಳಿದ್ದೇನು?"

"ಹೂಂ."

"ಎಲ್ಲಾರಿಗೂ?"

"ಹೂಂ ಅಪ್ಪಾ."

ತುಂಬಾ ಹೊತ್ತು ಏನೂ ಇಲ್ಲ. ನಿದ್ದೆ ಹೋದ ಅಂದುಕೊಂಡೆ. "ಹೇಳಿದ್ರ ಹೇಳು" ಅಂದ. "ಯಾರರೆ ಮೆಣಸಿನಕಾಯಿ ದರ ಕೇಳಿದ್ರ ಮಾತ್ರ ತಪ್ಪು ಹೇಳಬ್ಯಾಡ. ನನ್ನ ಹೆಸರು ಕೆಡ್ತೈತಿ." ಅವನು ನಕ್ಕನೋ ಇಲ್ಲವೋ ಕತ್ತಲಲ್ಲಿ ಕಾಣಲಿಲ್ಲ.

ಬೆಳಿಗ್ಗೆ ಐದಕ್ಕೆ ಅರಣ್ಯ ಸಿಬ್ಬಂದಿ ಎಲ್ಲರನ್ನೂ ಗುಂಪಾಗಿ ಪಾ ನೊಕ್ ಏನ್ ಅನ್ನೋ ಬಂಡೆಯಂಚಿಗೆ ಕರ್ಕೊಂಡು ಹೋಗ್ತಾರೆ, ಆನೆ ಇರೋದರಿಂದ ಒಬ್ಬೊಬ್ಬರೇ ಹೋಗೋ ಹಾಗಿಲ್ಲ. ಕೆಳಗೆ ಪೂರ್ತಿ ಮಂಜು, ಅದರೊಳಗಿಂದ ಕೆಂಪಗೆ ಸೂರ್ಯ. ಚೆನ್ನಾಗಿತ್ತು, ನೀವೂ ಇಂಥದ್ದು ನೋಡಿರ್ತೀರಿ. ಪ್ರಸಿದ್ಧವಾದ ಪಾ ಲೊಮ್ ಸಕ್, ಬಂಡೆ ತುದಿಯಲ್ಲಿ ಪೈನ್ ಮರ ಬಾಗಿರೋ ಆ ಫೋಟೋದ ಜಾಗ, ಕ್ಯಾಂಪಿನಿಂದ ಒಂಬತ್ತು ಕಿಲೋಮೀಟರ್. ಅಪ್ಪನ ಕಾಲಿಗೆ ಆಗೋಲ್ಲ ಅಂತ ಬಿಟ್ಟೆವು. ಬದಲಿಗೆ ಹತ್ತಿರದ ಒಂದು ಝರಿಗೆ ಹೋದೆವು. ಜನವರಿ ಆದ್ದರಿಂದ ನೀರು ತೆಳ್ಳಗಿತ್ತು. ಆದರೆ ಮೇಪಲ್ ಎಲೆಗಳು ಕೆಂಪಾಗಿ ಉದುರಿ, ಪಾಚಿ ಹಿಡಿದ ಕಪ್ಪು ಬಂಡೆಗಳ ಮೇಲೆ ಹರಡಿದ್ದವು. ದಟ್ಟ ಕೆಂಪು. ಅಪ್ಪ ಒಂದನ್ನು ಎತ್ತಿ ಅಂಗೈಯಲ್ಲಿ ಉಜ್ಜಿ ನೋಡಿದ. ಅಭ್ಯಾಸಬಲ.

ಮೂರನೇ ದಿನ ಇಳಿದೆವು. ಈ ಸಲ ಅಪ್ಪ ತಾನೇ ಬ್ಯಾಗನ್ನು ತಕ್ಕಡಿಗಿಟ್ಟು ಚೀಟಿ ತಗೊಂಡ. ಸಾಮ್ ಖ್ರೇ ದಾಟಿ ಕೆಳಗೆ ಬರುವಾಗ ಬಿದಿರ ಮೆಳೆಯ ತಿರುವಿನಲ್ಲಿ ಗಳದ ಸದ್ದು ಕೇಳಿಸಿತು. ಅದೇ ಹೂವಿನ ಬಟ್ಟೆ. ಎರಡೂ ತುದಿಗೆ ನೀರಿನ ಕೇಸುಗಳು, ಮುಖದ ತುಂಬ ಬೆವರು. ಇಲಿ ಖುಷಿಯಿಂದ ಕೂಗಿ ಕರೆಯೋಕೆ ಹೋದಳು. ಅಪ್ಪ ಅವಳ ತೋಳನ್ನೂ ನನ್ನ ತೋಳನ್ನೂ ಹಿಡಿದು ಬದಿಗೆಳೆದು, "ಶ್, ಮಾತಾಡಿಸಬ್ಯಾಡ್ರಿ, ಉಸುರು ಹಿಡದಾಳ" ಅಂದ. ಆಕೆ ನಮ್ಮನ್ನು ನೋಡಿದಳು, ಹೆಜ್ಜೆ ನಿಲ್ಲಿಸಲಿಲ್ಲ, ಹುಬ್ಬು ಮಾತ್ರ ಒಮ್ಮೆ ಎತ್ತಿ ಇಳಿಸಿದಳು. ಗಳದ ಸದ್ದು ಮೇಲಿನ ತಿರುವು ದಾಟೋವರೆಗೂ ನಾವು ಮೂವರೂ ಹಾಗೇ ನಿಂತಿದ್ದೆವು.